ಅಪ್ಪ ಗದಗದ ಕಪ್ಪತಗುಡ್ಡಕ್ಕೆ ಬರಲು ಒಪ್ಪುತ್ತಿಲ್ಲ ಅಂದವರಿಗೆ

‘ಗುಡ್ಡಕ್ಕೆ ಹೋಗಿ ಕೂತು ಮಾತಾಡೋಣ’ ಅಂತ ಕರೆದಿದ್ದೇ ಎಡವಟ್ಟಾಗಿರಬೇಕು. ಹೊಲ ಮಾರಿದ ಜಗಳಕ್ಕೆ ಐದು ವರ್ಷ ಮಾತು ಬಿಟ್ಟ ಅಪ್ಪನಿಗೆ ಅದು ಪಂಚಾಯ್ತಿಗೆ ಕರೆದ ಹಾಗೆ ಕೇಳಿಸುತ್ತದೆ.

ಈ ಸಲ ಅವ್ವನ ಕೈಲಿ ಹೇಳಿಸಿ, ಔಷಧಿ ಗಿಡ ಗುರುತು ಹಿಡಿಯಲು ಜೊತೆಗೆ ಒಬ್ಬರು ಬೇಕಂತೆ ಅಂತ. ನೋಡೋದಷ್ಟೇ, ಕೀಳುವ ಹಾಗಿಲ್ಲ, 2019ರಿಂದ ಅದು ವನ್ಯಜೀವಿ ಧಾಮ. ಆಮೇಲೆ ಗದಗದ ಅರಣ್ಯ ಇಲಾಖೆ ಕಚೇರಿಯಲ್ಲಿ ಎಲ್ಲೆಲ್ಲಿ ಹತ್ತಬಹುದು ಅಂತ ವಿಚಾರಿಸಿ. ಮಳೆಗಾಲ ಮುಗಿದ ಮೇಲೆ ಹೋಗಿ, ಬೇಸಿಗೆಯಲ್ಲಿ ಬರೀ ಬಿಸಿಲು, ಒಣ ಹುಲ್ಲು. ನೀರು ಜಾಸ್ತಿ ಇರಲಿ, ರೊಟ್ಟಿ, ಶೇಂಗಾ ಚಟ್ನಿ ಅವ್ವನೇ ಕಟ್ಟಿಕೊಡುತ್ತಾರೆ ಬಿಡಿ.

ಹತ್ತುವಾಗ ಅವರನ್ನೇ ಮುಂದೆ ಬಿಡಿ. ಮುಖ ನೋಡಬೇಕಾದ ಕಷ್ಟ ಇಬ್ಬರಿಗೂ ಇರುವುದಿಲ್ಲ, ಗಿಡದ ಹೆಸರು ಕೇಳುತ್ತಾ ಹೋಗಿ, ಹೊಲ ಮಾರಿದ ವಿಷಯ ನೀವಾಗಿ ತೆಗೆಯಲೇಬೇಡಿ.

ಮಾತಾಡೇ ಆಡುತ್ತಾರೆ ಅಂತ ಖಾತ್ರಿ ಕೊಡಲಾರೆ. ನಮ್ಮಪ್ಪ ಮೊದಲ ಸಲ ಇಡೀ ದಿನಕ್ಕೆ ‘ಕಲ್ಲು ಜಾರತಾವ, ನೋಡಿ ಇಳಿ’ ಅಂದಿದ್ದಷ್ಟೇ. ಎರಡನೇ ಸಲ ಜಗಳದ ವಿಷಯ ತಾವೇ ತೆಗೆದರು.

ಚಿರತೆ, ಕತ್ತೆಕಿರುಬ ಇರುವ ಜಾಗ, ಹೊತ್ತು ಮುಳುಗುವ ಮುಂಚೆ ಕೆಳಗಿರಿ.