ಹಲ್ಲು ನೋವಿಗೆ ವಿಮೆ ಕೇಳಿಕೊಂಡು ಬಂದವರು

ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಆದರೆ ಪ್ರಶ್ನೆ ಒಬ್ಬರದ್ದಲ್ಲ. "ಮನೆ ಖರ್ಚೇ ಸರಿದೂಗ್ತಿಲ್ಲ, ಹಲ್ಲಿನ ಇನ್ಶೂರೆನ್ಸ್ ಮಾಡಿಸ್ಲಾ ಬೇಡ್ವಾ?" ಎಂದು ಕೇಳುವವರು ಆಗಾಗ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಹಲ್ಲು ನೋವು ಆಗಲೇ ಶುರುವಾಗಿರುತ್ತದೆ.

ಹಾಗೆ ಬಂದವರಲ್ಲಿ ಒಬ್ಬರು ಇವರು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸಂಬಳ 14,000. ಗಂಡ ಆಟೊ ಓಡಿಸುತ್ತಾರೆ. ಮಕ್ಕಳ ಫೀಸು, ಸಂಘದ ಸಾಲ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ದವಡೆ ಹಲ್ಲು ಹುಳುಕಾಗಿತ್ತು. ರೂಟ್ ಕೆನಾಲ್, ಕ್ಯಾಪ್ ಸೇರಿ 8,000 ಎಂದು ಕ್ಲಿನಿಕ್‌ನವರು ಹೇಳಿದ್ದರು. ಅಷ್ಟರಲ್ಲಿ ಏಜೆಂಟ್ ಒಬ್ಬರು ತಿಂಗಳಿಗೆ 500 ರೂಪಾಯಿಯ ಫ್ಯಾಮಿಲಿ ಪ್ಲಾನ್ ತೋರಿಸಿದ್ದರು.

ಕಾಗದಗಳನ್ನು ಇಬ್ಬರೂ ಕೂತು ಓದಿದೆವು. ವರ್ಷಕ್ಕೆ ಕಟ್ಟುವುದು 6,000. ಹಲ್ಲಿಗೆ ಸಿಗುವುದು ಹೆಚ್ಚೆಂದರೆ 10,000. ಮೊದಲ ಮೂರು ತಿಂಗಳು ಏನೂ ಇಲ್ಲ. ಪಾಲಿಸಿಗೆ ಮೊದಲೇ ಇದ್ದ ತೊಂದರೆಗೂ ಇಲ್ಲ. ಅಂದರೆ ನೋಯುತ್ತಿರುವ ಆ ಹಲ್ಲು ಲೆಕ್ಕದಲ್ಲೇ ಇರಲಿಲ್ಲ! "ಇದು ನಿಮಗೆ ಬೇಡ" ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಹೇಳಿದರು:

"ಗೊತ್ತು ಮೇಡಂ. ಆದ್ರೆ ನನ್ನ ಹಲ್ಲಿಗೆ ಅಂದ್ರೆ ಮನೇಲಿ ದುಡ್ಡು ಹುಟ್ಟಲ್ಲ. ಎಲ್ಲರಿಗೂ ಇನ್ಶೂರೆನ್ಸ್ ಅಂದ್ರೆ ಕೊಡ್ತಾರೆ."

ನಾನು ಅಲ್ಲಿಯವರೆಗೆ ಪ್ರೀಮಿಯಂ ಲೆಕ್ಕದಲ್ಲಿದ್ದೆ. ಅವರು ಕೇಳುತ್ತಿದ್ದದ್ದು ಡಾಕ್ಟರ್ ಹತ್ತಿರ ಹೋಗಲು ಒಂದು ನೆಪ. ಪ್ಲಾನ್ ಬೇಡ ಎಂದು ಹೇಳಿ ಕಳಿಸಿದ್ದರೆ ಆ ನೆಪವನ್ನೂ ಕಿತ್ತುಕೊಂಡಂತಾಗುತ್ತಿತ್ತು.

"ಸಂಬಳದ ಸ್ಲಿಪ್ ಇದೆಯಾ?" ಎಂದು ಕೇಳಿದೆ. ಮೊಬೈಲ್‌ನಲ್ಲಿ ಫೋಟೊ ಇತ್ತು. ಅದರಲ್ಲಿ ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆ) ಹಿಡಿದದ್ದು 105 ರೂಪಾಯಿ. "ಅದು ಹೆರಿಗೆಗೆ, ಆಪರೇಷನ್‌ಗೆ ಅಲ್ವಾ?" ಎಂದರು. ಅಲ್ಲ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಂದ ಶೇ 0.75 ಹಿಡಿಯುತ್ತಾರೆ, ಕಂಪನಿ ಶೇ 3.25 ಕಟ್ಟುತ್ತದೆ. ಹಲ್ಲಿನ ಚಿಕಿತ್ಸೆಯೂ ಅದರಲ್ಲೇ ಬರುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ದಂತ ವಿಭಾಗವೇ ಇದೆ. ವರ್ಷಗಳಿಂದ ಹಣ ಕಟ್ಟುತ್ತಿದ್ದವರಿಗೆ ಇದನ್ನು ಯಾರೂ ಹೇಳಿರಲಿಲ್ಲ. "ನಿಮ್ಮ ಸಂಬಳದಿಂದ ಆಗಲೇ ಹೋಗಿರೋ ದುಡ್ಡು ಇದು. ಯಾರನ್ನೂ ಕೇಳಬೇಕಿಲ್ಲ" ಎಂದೆ. ಮೊದಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಬರೆಸಿಕೊಳ್ಳಿ, ಪ್ಲಾನಿಗೆ ಸದ್ಯ ಸಹಿ ಹಾಕಬೇಡಿ. ನಾನು ಕೊಟ್ಟ ಸಲಹೆ ಇಷ್ಟೇ.

ಇದಕ್ಕೆ ಜೊತೆಯವರಿಂದ ಬೈಸಿಕೊಂಡಿದ್ದೇನೆ. ಅಲ್ಲಿ ಕ್ಯೂ ಉದ್ದ, ದಿನದ ಕೂಲಿ ಹೋಗುತ್ತೆ ಎಂದರು. ನಿಜ. ಆದರೆ ಅವರ ದಿನದ ದುಡಿಮೆ ಸುಮಾರು 540. ನಾಲ್ಕು ದಿನದ ಸಂಬಳ ಹೋದರೂ 2,160. ಖಾಸಗಿ ಕ್ಲಿನಿಕ್ಕಿನ 8,000ದ ಪಕ್ಕ ಇಟ್ಟು ನೋಡಿ. ಇನ್ನೊಬ್ಬರು, ಗಂಡನನ್ನು ಕರೆಸಿ ಮಾತಾಡಿಸಬೇಕಿತ್ತು, ನೀವು ಅಡ್ಡದಾರಿ ತೋರಿಸಿದಿರಿ ಎಂದರು. ಮಾತಾಡಿಸಬಹುದಿತ್ತು. ಆದರೆ ಮನೆ ಸರಿಹೋಗುವ ತನಕ ಹುಳುಕು ಸುಮ್ನೆ ಕೂರುವುದಿಲ್ಲ. ಇವತ್ತು ಉಳಿಯಬಹುದಾದ ಹಲ್ಲನ್ನು ಆರು ತಿಂಗಳಾದ ಮೇಲೆ ಕೀಳಿಸಬೇಕಾಗಬಹುದು. ಮೊದಲು ಹಲ್ಲು, ಆಮೇಲೆ ಸಂಸಾರ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿಯೇ.

ಇಎಸ್‌ಐ ಇಲ್ಲದವರಿಗೂ ವಿಮೆಗಿಂತ ಮೊದಲು ದಂತ ಕಾಲೇಜುಗಳ ಹೆಸರು ಹೇಳುತ್ತೇನೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಖಾಸಗಿ ಕಾಲೇಜುಗಳಲ್ಲೂ ಪ್ರೊಫೆಸರ್‌ಗಳ ಕಣ್ಣಳತೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುವುದರಿಂದ ಹೊರಗಿಗಿಂತ ಖರ್ಚು ಕಡಿಮೆ. ಹಲ್ಲು ಚೆನ್ನಾಗಿದೆ ಎನ್ನುವವರು ಆ 500ನ್ನು ಬೇರೆ ಇಟ್ಟುಕೊಳ್ಳಿ. ಆಸ್ಪತ್ರೆ ಸೇರುವಂಥ ದೊಡ್ಡ ಖರ್ಚಿಗೆ ಆರೋಗ್ಯ ವಿಮೆ ಬೇಕೇ ಬೇಕು. ಆದರೆ ಸಾಮಾನ್ಯ ಪಾಲಿಸಿಗಳು ಹಲ್ಲಿಗೆ ಹಣ ಕೊಡುವುದು ಬಹುತೇಕ ಅಪಘಾತವಾದಾಗ ಮಾತ್ರ. ಹಲ್ಲಿಗೆಂದೇ ಇರುವ ಪ್ಲಾನಿನ ಹಣವನ್ನು ನೀವು ಕೆಲಸ ಮಾಡುವ ಕಂಪನಿಯವರೇ ಕಟ್ಟಿಕೊಟ್ಟರೆ ತಗೊಳ್ಳಿ, ಬಿಡಬೇಡಿ.

ಅವರ ರೂಟ್ ಕೆನಾಲ್ ಮುಗಿಯಿತು. ಹೋದ ವಾರ ಫೋನ್ ಮಾಡಿದ್ದರು. ಗಂಡನಿಗೂ ಒಂದು ಹಲ್ಲು ಅಲ್ಲಾಡುತ್ತಿದೆಯಂತೆ, ಅವರ ಹೆಸರನ್ನೂ ಇಎಸ್‌ಐಗೆ ಸೇರಿಸಬಹುದಾ ಎಂದು ಕೇಳಿದರು. ಸೇರಿಸಬಹುದು, ಆಧಾರ್ ತಗೊಂಡು ಹೋಗಿ ಎಂದೆ.