ಪ್ರಾಣಿ ಕಮ್ಮಿ, ಸಗಣಿ ಜಾಸ್ತಿ

ನೀವು ಕೇಳಿರುವುದು ಇಷ್ಟು: ವಯಸ್ಸು 52, ಸಸ್ಯಾಹಾರಿ, ತಾಂಜಾನಿಯಾದಲ್ಲಿ ದನ ಸಾಕುವ ಮಸಾಯಿ ಜನರ ಸೀಮೆಯಲ್ಲಿ ಗೈಡ್ ಜೊತೆ ಕಾಲ್ನಡಿಗೆ ಸಫಾರಿ ಮಾಡುವ ಆಸೆ. ಜೀಪಿಗಿಂತ ಜಾಸ್ತಿ ಪ್ರಾಣಿ ಕಾಣುತ್ತವಾ, ಭಯ ಆಗಲ್ವಾ, ಊಟಕ್ಕೆ ಏನು ಗತಿ?

ಮೊದಲನೆಯದಕ್ಕೆ ಉತ್ತರ: ಇಲ್ಲ. ಕಮ್ಮಿ ಕಾಣುತ್ತವೆ. ಕಂಡರೂ ದೂರದಲ್ಲಿ. ಜೀಪಿನೊಳಗೆ ಕೂತಿದ್ದರೆ ಸಿಂಹ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಪಕ್ಕದಲ್ಲೇ ಆಕಳಿಸುತ್ತಾ ಬಿದ್ದಿರುತ್ತದೆ. ಅದೇ ನಾವು ಕೆಳಗಿಳಿದು ಎರಡು ಕಾಲಿನ ಮೇಲೆ ನಿಂತರೆ ಎಲ್ಲ ಪ್ರಾಣಿಗೂ ನಾವು ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಸಿಂಹ, ಆನೆ, ಘೇಂಡಾಮೃಗ ನೋಡಲೇಬೇಕು ಅಂದರೆ ಒಂದು ದಿನ ಜೀಪ್ ಮಾಡಿಕೊಂಡು ಎನ್‌ಗೊರೊಂಗೊರೊ ಕುಳಿಗೆ ಇಳಿದು ಬನ್ನಿ. ಸುಮಾರು 600 ಮೀಟರ್ ಆಳದ, ಹೆಚ್ಚುಕಮ್ಮಿ 260 ಚದರ ಕಿಲೋಮೀಟರ್ ವಿಸ್ತಾರದ ಜ್ವಾಲಾಮುಖಿಯ ತಟ್ಟೆ ಅದು. ಆ ಆಸೆ ತೀರಿಸಿಕೊಂಡು ಆಮೇಲೆ ನಡೆಯಲು ಹೋಗಿ.

ನಾನು ದಾರ್ ಎಸ್ ಸಲಾಮ್‌ನಲ್ಲಿ ಮೂರು ವರ್ಷ ಅಕೌಂಟ್ಸ್ ಕೆಲಸದಲ್ಲಿದ್ದೆ. 2019ರ ಜುಲೈನಲ್ಲಿ ಆಫೀಸಿನ ಗೆಳೆಯನೊಬ್ಬನ ಜೊತೆ ಎನ್‌ಗೊರೊಂಗೊರೊ ಮೇಲ್ನಾಡಿನಿಂದ ನ್ಯಾಟ್ರಾನ್ ಕೆರೆಯ ತನಕ ನಾಲ್ಕು ದಿನ ನಡೆದೆ. ನಾಯ್ನೋಕಾನೋಕಾ ಅನ್ನುವ ಹಳ್ಳಿಯಿಂದ ಹೊರಟು ಬುಲಾಟಿ, ಎಂಪಾಕಾಯ್ ಕುಳಿ, ನಾಯೋಬಿ ಮೂಲಕ ಇಳಿಯುವ ದಾರಿ. ನಾವಿಬ್ಬರು, ಒಬ್ಬ ಮಸಾಯಿ ಗೈಡ್, ಕೋವಿ ಹಿಡಿದ ಒಬ್ಬ ರೇಂಜರ್, ಒಬ್ಬ ಅಡುಗೆಯವನು, ಇಬ್ಬರು ಹುಡುಗರು, ನಾಲ್ಕು ಕತ್ತೆ. ಡೇರೆ, ನೀರು, ಪಾತ್ರೆ ಎಲ್ಲ ಕತ್ತೆಗಳ ಮೇಲೆ. ಒಂದು ಕತ್ತೆ ಪ್ರತಿ ಬೆಳಿಗ್ಗೆ ಹೊರೆ ಕಟ್ಟುವ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿತ್ತು. ಅದನ್ನು ಹುಡುಕಿ ತರುವುದೇ ದಿನದ ಮೊದಲ ಕೆಲಸ.

ಇಲ್ಲಿ ನಡೆಯಲು ಬಿಡುತ್ತಾರೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ವಾಹನದಿಂದ ಕಾಲು ಕೆಳಗಿಡುವಂತಿಲ್ಲ, ಅಲ್ವಾ? ಪಕ್ಕದ ಸೆರೆಂಗೆಟಿ ಕೂಡ ರಾಷ್ಟ್ರೀಯ ಉದ್ಯಾನ, ಅಲ್ಲಿ ಊರು-ಕೇರಿ ಇಲ್ಲ. 1959ರಲ್ಲಿ ಎನ್‌ಗೊರೊಂಗೊರೊವನ್ನು ಅದರಿಂದ ಬೇರೆ ಮಾಡಿದರು. ಸೆರೆಂಗೆಟಿ ಬಿಟ್ಟುಕೊಟ್ಟ ಮಸಾಯಿಗಳು ಇಲ್ಲಿ ದನ ಸಾಕಿಕೊಂಡು ಕಾಡುಪ್ರಾಣಿಗಳ ಜೊತೆಗೇ ಬದುಕಬಹುದು ಅಂತ ಆಗಿನ ಸರ್ಕಾರ ಮಾತು ಕೊಟ್ಟಿತು. ಹಾಗಾಗಿ ನೀವು ನಡೆಯುವುದು ಕಾಡಿನಲ್ಲಿ ಅನ್ನುವುದಕ್ಕಿಂತ ಇನ್ನೊಬ್ಬರ ದನ ಮೇಯುವ ಬಯಲಿನಲ್ಲಿ. ಒಂದೇ ಹುಲ್ಲುಗಾವಲಲ್ಲಿ ಈ ಕಡೆ ಹಸು, ಆ ಕಡೆ ಜೀಬ್ರಾ. ನಡುವೆ ಕೆಂಪು ಶುಕಾ ಹೊದ್ದು ಒಂಟಿ ಕಾಲಿನಲ್ಲಿ ಕೋಲಿಗೆ ಒರಗಿ ನಿಂತ ಹತ್ತು ವರ್ಷದ ಹುಡುಗ. ನಮ್ಮ ಚಳ್ಳಕೆರೆ ಕಡೆಯ ಕುರಿ ಕಾಯುವ ಹುಡುಗರೂ ಹೀಗೇ ನಿಲ್ಲುತ್ತಾರೆ, ಶುಕಾ ಬದಲು ಕಂಬಳಿ ಇರುತ್ತದೆ ಅಷ್ಟೇ.

ಇನ್ನು ತಲೆಬರಹದ ವಿಷಯ. ದನಕ್ಕಾದರೆ ಸಗಣಿ, ಆನೆ-ಕುದುರೆಗೆ ಲದ್ದಿ, ಆಡು-ಜಿಂಕೆಗೆ ಹಿಕ್ಕೆ. ಕನ್ನಡದಲ್ಲಿ ಇದಕ್ಕೆ ಇಷ್ಟೊಂದು ಪದ ಇರುವುದು ಎಷ್ಟು ಉಪಕಾರ ಅಂತ ಆ ನಾಲ್ಕು ದಿನದಲ್ಲಿ ಗೊತ್ತಾಯಿತು. ಗೈಡ್ ನಿಂತ ಅಂದರೆ ಕಾಲ ಬುಡದಲ್ಲಿ ಏನೋ ಬಿದ್ದಿದೆ ಅಂತ ಅರ್ಥ. ಕತ್ತೆಕಿರುಬದ್ದು ಸುಣ್ಣದ ಉಂಡೆಯ ಹಾಗೆ ಬೆಳ್ಳಗಿರುತ್ತದೆ, ಮೂಳೆ ಅಗಿದು ತಿನ್ನುವ ಪ್ರಾಣಿ ಅದು. ಕಾಡೆಮ್ಮೆಯದು ಥೇಟ್ ನಮ್ಮ ಹಟ್ಟಿಯ ಎಮ್ಮೆಯದೇ. ಗೈಡ್ ಕಡ್ಡಿಯಿಂದ ಮೇಲಿನ ಪದರ ಎತ್ತಿ, ಒಳಗೆ ಬೆರಳು ಹತ್ತಿರ ಹಿಡಿದು, "ಬೆಳಗಿನ ಜಾವದ್ದು" ಅನ್ನುತ್ತಿದ್ದ. ಎರಡನೇ ದಿನ ಒಂದು ಕಡೆ ಹೀಗೇ ಬಗ್ಗಿದವನು ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಕೈ ಮುಷ್ಟಿ ಮಾಡಿ ಮೇಲೆತ್ತಿದ.

ಭಯದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಎಂಪಾಕಾಯ್ ಅಂಚಿನ ಕಾಡು ಅದು, ಮರಗಳ ತುಂಬ ಪಾಚಿ ಜೋತುಬಿದ್ದು ಮಂಜು ಮುಸುಕಿತ್ತು. ಗೈಡ್ ಸೊಂಟದಿಂದ ಒಂದು ಸಣ್ಣ ಬಟ್ಟೆಗಂಟು ತೆಗೆದು ಕೊಡವಿದ. ಒಳಗೆ ಒಲೆ ಬೂದಿ. ಬೂದಿ ನಮ್ಮ ಬೆನ್ನ ಕಡೆಗೆ ತೇಲಿಹೋಯಿತು. ಗಾಳಿ ಮುಂದಿನಿಂದ ಬರುತ್ತಿದೆ, ನಮ್ಮ ವಾಸನೆ ಅತ್ತ ಹೋಗುತ್ತಿಲ್ಲ. ಆಮೇಲೆ ಅವನು ಗದ್ದದಿಂದ ತೋರಿಸಿದ. ಅರವತ್ತು ಹೆಜ್ಜೆ ಆಚೆ ಪೊದೆಯ ನೆರಳಲ್ಲಿ ಒಂದು ಕಪ್ಪು ಬಂಡೆ ಕಂಡಿತು. ಬಂಡೆ ಕಿವಿ ಅಲ್ಲಾಡಿಸಿತು. ಮುದಿ ಕೋಣ, ಹಿಂಡು ಬಿಟ್ಟು ಒಂಟಿಯಾಗಿದ್ದದ್ದು. ಅಲ್ಲಿ ನಡೆಯುವವರು ಸಿಂಹಕ್ಕಿಂತ ಇಂಥ ಕೋಣಕ್ಕೇ ಜಾಸ್ತಿ ಹೆದರುತ್ತಾರೆ. ಸಿಂಹ ಮನುಷ್ಯನನ್ನು ಕಂಡರೆ ಸಾಮಾನ್ಯವಾಗಿ ಜಾಗ ಬಿಡುತ್ತದೆ, ಇದು ಬಿಡುತ್ತದೆ ಅನ್ನುವ ಭರವಸೆ ಇಲ್ಲ. ರೇಂಜರ್ ಹೆಗಲಿನ ಕೋವಿಯನ್ನು ಕೈಗೆ ತೆಗೆದುಕೊಂಡ. ನನ್ನ ಜಾಕೆಟ್ಟಿನ ಜಿಪ್ ಉಸಿರಾಟಕ್ಕೆ ಟಿಕ್ ಟಿಕ್ ಅನ್ನುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಒಬ್ಬರ ಹಿಂದೆ ಒಬ್ಬರು, ಬೆನ್ನು ತಿರುಗಿಸದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಅರ್ಧ ಗಂಟೆ ಸುತ್ತುಹಾಕಿ ಹೋದೆವು. ಏನೂ ಆಗಲಿಲ್ಲ. ನಾಲ್ಕು ದಿನದಲ್ಲಿ ಪ್ರಾಣಿಯೊಂದು ನಿಜಕ್ಕೂ ಹತ್ತಿರ ಸಿಕ್ಕಿದ್ದು ಅದೊಂದೇ ಸಲ, ಅದರ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ಹಾಗಾಗಿ ಭಯ ಆಗುತ್ತದೆ, ಆಗಬೇಕು ಕೂಡ. ಗೈಡ್ ಹೇಳಿದಂತೆ ಕೇಳಿದರೆ ಆಯಿತು. ಮಾತು ಬೇಡ, ಸಾಲು ಮುರಿಯಬೇಡಿ, ಏನೇ ಆದರೂ ಓಡಬೇಡಿ. ರಾತ್ರಿ ಡೇರೆ ಸುತ್ತ ಕತ್ತೆಕಿರುಬ ಊಳಿಡುತ್ತದೆ, ಬೆಂಕಿ ಹತ್ತಿರ ಯಾರಾದರೂ ಎದ್ದೇ ಇರುತ್ತಾರೆ. ಮೊದಲ ರಾತ್ರಿ ನಿದ್ದೆ ಬರಲ್ಲ, ಎರಡನೇ ರಾತ್ರಿ ಸುಸ್ತಿಗೆ ಬಂದೇ ಬರುತ್ತದೆ.

ಊಟದ ಚಿಂತೆ ಬಿಡಿ. ನನ್ನ ಗೆಳೆಯ ಗುಜರಾತಿ, ಮೊಟ್ಟೆ ಕೂಡ ಮುಟ್ಟುವವನಲ್ಲ. ಅವನಿಗೂ ಹೊಟ್ಟೆ ತುಂಬ ಸಿಕ್ಕಿತು. ಚಪಾತಿ ಅಲ್ಲೂ ಚಪಾತಿಯೇ. ಬೀನ್ಸ್ ಕಾಳಿನ ಸಾರು, ಮ್ಚಿಚಾ ಅನ್ನುವ ನಮ್ಮ ದಂಟಿನ ಸೊಪ್ಪಿನ ಪಲ್ಯ, ಮತ್ತೆ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಅನ್ನಿ. ಮುರಿದು ಹೆಬ್ಬೆರಳಿನಿಂದ ಗುಳಿ ಮಾಡಿ ಸಾರಿಗೆ ಅದ್ದುವುದು. ನಾನು ಮೊದಲ ತುತ್ತು ಅಗಿಯದೆ ನುಂಗಿದ್ದು ನೋಡಿ ಅಡುಗೆಯವನು ಗಾಬರಿಯಾದ. ಬೆಳಿಗ್ಗೆ ಗಂಜಿ ಕೊಟ್ಟ, ಬಣ್ಣ ನೋಡಿದ ತಕ್ಷಣ ಗೊತ್ತಾಯಿತು. ಸ್ವಾಹಿಲಿಯಲ್ಲಿ ಉಲೇಜಿ, ನಮ್ಮ ರಾಗಿ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಮೇಲ್ನಾಡಿನಲ್ಲಿ, ಸಾವಿರಾರು ವರ್ಷ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ನಾನು ಅದನ್ನು ಅವನಿಗೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಮಸಾಯಿ ಮನೆಗಳ ವಿಷಯ. ಸೆರೆಂಗೆಟಿ ಕಡೆಯ ದೊಡ್ಡ ರಸ್ತೆಯಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ಬೋಮಾಗಳಿವೆ, ಅಂದರೆ ಮಸಾಯಿ ಹಟ್ಟಿಗಳು. ಹತ್ತು ನಿಮಿಷ ಹಾಡು, ಎಗರುವ ಕುಣಿತ, ಕೊನೆಗೆ ಮಣಿಸರದ ಅಂಗಡಿ. ಅದನ್ನು ಬಯ್ಯುವುದಿಲ್ಲ, ಅವರೂ ಬದುಕಬೇಕು. ಆದರೆ ಅದನ್ನೇ ನೋಡಿ ಮಸಾಯಿಗಳನ್ನು ನೋಡಿದೆ ಅಂದುಕೊಂಡು ಬರಬೇಡಿ. ನಡೆಯುವ ದಾರಿಯಲ್ಲಿ ಕತ್ತೆ ಹೊಡೆಯುವ ಹುಡುಗನ ಅತ್ತೆ ಮನೆ ಸಿಕ್ಕಿತು. ಸುತ್ತ ಮುಳ್ಳುಬೇಲಿ, ನಡುವೆ ದನದ ರೊಪ್ಪ, ಅಂಚಿಗೆ ಕಡ್ಡಿ-ಮಣ್ಣು-ಸಗಣಿಯ ಗೂಡಿನಂಥ ಮನೆಗಳು. ಮನೆ ಕಟ್ಟುವುದು ಹೆಂಗಸರ ಕೆಲಸ. ಹಿರಿಯೂರು ಸುತ್ತಿನ ಗೊಲ್ಲರಹಟ್ಟಿ ನೋಡಿದವರಿಗೆ ಆ ಬೇಲಿ ಹೊಸದಲ್ಲ. ಮಕ್ಕಳು ಓಡಿ ಬಂದು ತಲೆ ಬಗ್ಗಿಸಿ ನಿಂತವು. ನನಗೆ ಅರ್ಥ ಆಗಲಿಲ್ಲ. ಗೈಡ್ ನನ್ನ ಕೈ ಹಿಡಿದು ಒಂದೊಂದು ತಲೆ ಮೇಲೂ ಮುಟ್ಟಿಸಿದ. ನಮ್ಮಲ್ಲಿ ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರೆ, ಅಲ್ಲಿ ತಲೆ ಒಡ್ಡುತ್ತಾರೆ. ದೊಡ್ಡವರಿಗೆ "ಸೋಪಾ" ಅಂದರೆ "ಏಪಾ" ಅಂತ ಉತ್ತರ ಬರುತ್ತದೆ. ಇಷ್ಟು ಕಲಿತು ಹೋಗಿ.

ಆ ಅತ್ತೆ ಹಾಲಿನ ಬುರುಡೆ ತೊಳೆಯುತ್ತಿದ್ದರು. ತೊಳೆಯುವುದು ನೀರಿನಿಂದಲ್ಲ. ಕಾಡು ಆಲಿವ್ ಮರದ ಕೊಳ್ಳಿಯನ್ನು ಉದ್ದನೆ ಸೋರೆಬುರುಡೆಯೊಳಗೆ ತೂರಿಸಿ, ಕೆಂಡ ಒಳಗೋಡೆಗೆ ತಿಕ್ಕಿ ತಿಕ್ಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ಮಸಿಯನ್ನು ಕೊಡವಿ ತೆಗೆದರು. ಹಾಲು ಕೆಡದ ಹಾಗೆ ಇಡುವ ಉಪಾಯ. ಆ ಹಾಲಿಗೆ ಹೊಗೆ ವಾಸನೆ ಇರುತ್ತದೆ, ಸಣ್ಣ ಕಪ್ಪು ಚುಕ್ಕಿ ತೇಲುತ್ತವೆ. ನಾನು ಕುಡಿದೆ, ಚೆನ್ನಾಗಿತ್ತು. ಹಾಲಿಗೆ ರಕ್ತ ಬೆರೆಸುತ್ತಾರೆ ಅಂತ ಓದಿರುತ್ತೀರಿ. ಅದಕ್ಕೆ ಅದರದ್ದೇ ಸಂದರ್ಭಗಳಿವೆ, ಬಂದ ನೆಂಟರಿಗೆಲ್ಲ ಸುರಿದುಕೊಡುವುದಿಲ್ಲ. ಫೋಟೋ ತೆಗೆಯುವ ಮುಂಚೆ ಮಾತ್ರ ಕೇಳಿ. ಬೇಡ ಅಂದರೆ ಬೇಡ.

ಒಂದು ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2022ರಿಂದ ಸರ್ಕಾರ ಎನ್‌ಗೊರೊಂಗೊರೊದ ಮಸಾಯಿ ಕುಟುಂಬಗಳನ್ನು ದೂರದ ಹಂದೇನಿ ಜಿಲ್ಲೆಯ ಮ್ಸೋಮೇರಾಗೆ ಸಾಗಿಸುತ್ತಿದೆ. ಜನ-ದನ ಹೆಚ್ಚಾಗಿ ಕಾಡಿಗೆ ಹೊರೆಯಾಯಿತು, ಹೋಗುವವರು ಸ್ವಇಚ್ಛೆಯಿಂದ ಹೋಗುತ್ತಿದ್ದಾರೆ ಅನ್ನುವುದು ಸರ್ಕಾರದ ಮಾತು. ಆಸ್ಪತ್ರೆ, ಶಾಲೆ ಸೊರಗಿಸಿ ಹೊರಡುವ ಹಾಗೆ ಮಾಡುತ್ತಿದ್ದಾರೆ ಅನ್ನುವುದು ಅಲ್ಲಿಯವರ ದೂರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಜನ ರಸ್ತೆಗಿಳಿದು ಸಫಾರಿ ಗಾಡಿಗಳನ್ನು ತಡೆದರು. ನಾಗರಹೊಳೆಯ ಜೇನುಕುರುಬರ ಕತೆ ಗೊತ್ತಿರುವ ನಮಗೆ ಇದು ಅಪರಿಚಿತ ಏನಲ್ಲ. 1959ರ ಮಾತು ಮಾತಾಗಿಯೇ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಾನು ಹಾಲು ಕುಡಿದ ಮನೆ ಈಗ ಅಲ್ಲಿದೆಯೋ ಇಲ್ಲವೋ. ನೀವು ಹೋಗುವುದಾದರೆ ಆ ಕಡೆಯವನನ್ನೇ ಗೈಡ್ ಮಾಡಿಕೊಳ್ಳಿ, ಕತ್ತೆಗಳನ್ನೂ ಅಲ್ಲಿಯವರಿಂದಲೇ ಪಡೆಯಿರಿ.

ಕೀನ್ಯಾ ಕಡೆ ಹೋಗುವುದಾದರೆ ಮಸಾಯಿ ಮಾರಾ ಅಭಯಾರಣ್ಯದೊಳಗೆ ನಡೆಯಲು ಬಿಡುವುದಿಲ್ಲ, ಸುತ್ತಲಿನ ಕನ್ಸರ್ವೆನ್ಸಿಗಳಲ್ಲಿ ಬಿಡುತ್ತಾರೆ. ಅವು ಮಸಾಯಿಗಳ ಸ್ವಂತ ಜಮೀನು, ಕ್ಯಾಂಪಿನವರು ಗುತ್ತಿಗೆ ಹಣ ಕೊಡುತ್ತಾರೆ. ಎರಡು-ಮೂರು ಗಂಟೆ ನಡೆದು ಕ್ಯಾಂಪಿಗೆ ವಾಪಸ್ ಬರುವುದು ಸಾಕು ಅನ್ನುವವರಿಗೆ ಅದು ಸುಲಭ.

ವಯಸ್ಸಿನ ಬಗ್ಗೆ: 52 ಏನೂ ಅಲ್ಲ, ಮಂಡಿ ಗಟ್ಟಿ ಇದ್ದರೆ ಸರಿ. ದಿನಕ್ಕೆ ಆರೇಳು ಗಂಟೆ ನಡಿಗೆ. ಮೊದಲೆರಡು ದಿನ ಎತ್ತರದಲ್ಲಿರುತ್ತೀರಿ, ಉಸಿರು ಬೇಗ ಸೋಲುತ್ತದೆ. ಅದಕ್ಕೇ ಎಲ್ಲರೂ "ಪೋಲೆ ಪೋಲೆ" ಅನ್ನುತ್ತಾರೆ, ನಿಧಾನ ನಿಧಾನ. ಎಂಪಾಕಾಯ್ ಅಂಚಿನಲ್ಲಿ ಜುಲೈ ರಾತ್ರಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿದೆ. ಕೊನೆ ದಿನ ಸುಮಾರು 600 ಮೀಟರ್ ಎತ್ತರದ ನ್ಯಾಟ್ರಾನ್‌ಗೆ ಇಳಿದಾಗ ಬಳ್ಳಾರಿಯ ಏಪ್ರಿಲ್. ಇಳಿಯುವ ಉದ್ದಕ್ಕೂ ಎದುರಿಗೆ ಓಲ್ ದೊಯ್ನ್ಯೊ ಲೆಂಗಾಯ್ ನಿಂತಿರುತ್ತದೆ, ಮಸಾಯಿಗಳ ದೇವರ ಬೆಟ್ಟ. ಅದರ ಲಾವಾ ಕಪ್ಪಗೆ ಹೊರಬಂದು ಕೆಲವೇ ದಿನದಲ್ಲಿ ಬೆಳ್ಳಗಾಗುತ್ತದೆ, ಸೋಡಾದಂಥ ಲವಣ ಅಷ್ಟಿದೆ ಅದರಲ್ಲಿ. ಇಂಥ ಲಾವಾ ಉಗುಳುವ ಜೀವಂತ ಬೆಟ್ಟ ಜಗತ್ತಿನಲ್ಲಿ ಇದೊಂದೇ. ಅದರ ಬೂದಿ ಬಿದ್ದ ಬಯಲಿನ ಹುಲ್ಲು ಸತ್ವದ್ದು, ಲಕ್ಷಾಂತರ ವಿಲ್ಡಬೀಸ್ಟ್ (ದನದಂಥ ದೊಡ್ಡ ಹುಲ್ಲೆ) ಕರು ಹಾಕಲು ಅಲ್ಲಿಗೇ ಬರುತ್ತವೆ. ನ್ಯಾಟ್ರಾನ್ ಹತ್ತಿರ ಎಂಗಾರೆ ಸೇರೋದಲ್ಲಿ ಅದೇ ಬೂದಿಯ ಕೆಸರು ಗಟ್ಟಿಯಾದ ನೆಲದಲ್ಲಿ 400ಕ್ಕೂ ಹೆಚ್ಚು ಮನುಷ್ಯರ ಹೆಜ್ಜೆಗುರುತುಗಳಿವೆ, ಕನಿಷ್ಠ 5,000 ವರ್ಷ ಹಳೆಯವು. ಹೆಬ್ಬೆರಳು ಒತ್ತಿದ ಗುಳಿ ಕೂಡ ಕಾಣುತ್ತದೆ. ಬಿಡದೆ ನೋಡಿ.

ತಯಾರಿ. ಜೂನ್‌ನಿಂದ ಅಕ್ಟೋಬರ್ ಒಣ ಕಾಲ, ಒಳ್ಳೆಯದು. ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಬೇಡ. ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಕಡುನೀಲಿ, ಕಪ್ಪಿಗೆ ತ್ಸೆತ್ಸೆ ನೊಣ ಮುತ್ತುತ್ತದೆ. ಕೀನ್ಯಾ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಬೆಂಗಳೂರಲ್ಲಿ ಸಿಗುತ್ತದೆ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದ ತನಕ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಮಲೇರಿಯಾ ಮಾತ್ರೆ ಡಾಕ್ಟರ್ ಹತ್ತಿರ ಕೇಳಿ. ಏಜೆಂಟ್ ಹತ್ತಿರ ರೇಂಜರ್ ಶುಲ್ಕ, ಕತ್ತೆ ಬಾಡಿಗೆ, ಗೇಟಿನ ಶುಲ್ಕ ಎಲ್ಲ ಸೇರಿದೆಯಾ ಅಂತ ಬರೆಸಿಕೊಳ್ಳಿ. ಗೇಟಿನ ಲೆಕ್ಕ 24 ಗಂಟೆಗೆ ಒಂದು ಸಲ. ನಮ್ಮವನು ಬಾಯಿಮಾತಲ್ಲಿ ಎಲ್ಲ ಸೇರಿದೆ ಅಂದು, ಹೊರಡುವ ದಿನ ಕತ್ತೆಯದ್ದು ಬೇರೆ ಅಂದ. ಜಗಳ ಆಡಿ ಪ್ರಯೋಜನ ಆಗಲಿಲ್ಲ, ಕೊಟ್ಟೆವು.

ಮತ್ತೆ ಶೂ. ಹೊಸದು ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾನು ಆರು ವರ್ಷ ಹಳೆಯದು ಹಾಕಿಕೊಂಡು ಹೋದೆ, ಮೂರನೇ ದಿನ ಅಟ್ಟೆ ಬಾಯಿ ಬಿಟ್ಟಿತು. ನಾಯೋಬಿಯ ಒಂದು ತಗಡಿನ ಅಂಗಡಿಯಲ್ಲಿ ಬೈಕಿನ ಟೈರ್ ಕೊಯ್ದು ಮಾಡಿದ ಚಪ್ಪಲಿ ಸಿಕ್ಕಿತು. ಅಲ್ಲಿಯವರೆಲ್ಲ ಹಾಕುವುದು ಅದನ್ನೇ. ನಮ್ಮ ತಾತ ಸಂತೆಯಲ್ಲಿ ಕೊಳ್ಳುತ್ತಿದ್ದ ಟೈರ್ ಎಕ್ಕಡ ನೆನಪಾಯಿತು. ಉಂಗುಷ್ಠದ ಜಾಗದಲ್ಲಿ ಎರಡು ಪಟ್ಟಿ ಅಡ್ಡ ಹಾಕಿದ್ದಾರೆ, ಅದೊಂದೇ ವ್ಯತ್ಯಾಸ. ಉಳಿದ ದಾರಿಯೆಲ್ಲ ದಪ್ಪ ಸಾಕ್ಸ್ ಮೇಲೆ ಅದನ್ನೇ ಹಾಕಿಕೊಂಡು ಇಳಿದೆ. ಕತ್ತೆ ಹುಡುಗರು ನ್ಯಾಟ್ರಾನ್ ತನಕ ನನ್ನ ಸಾಕ್ಸ್ ನೋಡಿ ನಗುತ್ತಲೇ ಇದ್ದರು.