ಹೆದರಿಕೆ ಆದ್ರೆ ವಿಶ್ವಾಸ ಇಲ್ಲ ಅಂತನಾ?

ಕಟಪಾಡಿ ಕಡೆಯಿಂದ ಒಬ್ಬ ತಾಯಿ ಪತ್ರ ಬರೆದಿದಾರೆ, ಹೆಸರು ಹಾಕಬೇಡಿ ಅಂದಿದಾರೆ. ಮಗಳು ತೆಲ್ ಅವೀವ್ ಹತ್ರ ಒಂದು ಅಜ್ಜಿನ ನೋಡ್ಕೊಳ್ಳೋ ಕೇರ್‌ಗಿವರ್. 2025ರ ಜೂನ್‌ನಲ್ಲಿ ಇರಾನ್ ಜೊತೆ 12 ದಿನ ಯುದ್ಧ ಆಯ್ತಲ್ಲ, ಆವಾಗಿಂದ ಇವರಿಗೆ ಸರಿ ನಿದ್ದೆ ಇಲ್ಲ, ಸಂಜೆ ತೇರ್ಸಿಗೆ, ಅಂದ್ರೆ ಜಪಮಾಲೆ ಪ್ರಾರ್ಥನೆಗೆ, ಕೂತ್ರೆ ಎಷ್ಟನೇ ಮಣಿ ಅಂತಾನೇ ತಪ್ಪಿಹೋಗತ್ತಂತೆ, ಮನೆಯ ಹಂಚಿನ ಮಾಡಿನ ರಿಪೇರಿಗೆ ಅಂತ ಮಗಳು ಕಳಿಸಿದ ದುಡ್ಡು ಹಾಗೇ ಬ್ಯಾಂಕಲ್ಲಿ ಬಿದ್ದಿದೆ. "ಇಷ್ಟು ಹೆದರಿಕೆ ಆಗ್ತದೆ ಅಂದ್ರೆ ನನಗೆ ವಿಶ್ವಾಸವೇ ಇಲ್ವಾ?" ಅಂತ ಕೇಳಿದಾರೆ.

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಮಗಳ ಫೋನಲ್ಲಿರೋ ಸೈರನ್ ಆಪನ್ನ ನೀವೂ ಹಾಕ್ಕೊಂಡಿದೀರಲ್ಲ, ಅದನ್ನ ತೆಗೀರಿ. ಅದು ಕೂಗೋದು ಅವಳಿಗೆ, ಕೂಗಿದ್ರೆ ಅವಳು ಅಜ್ಜಿನ ವೀಲ್‌ಚೇರಲ್ಲಿ ತಳ್ಕೊಂಡು ಕಾಂಕ್ರೀಟ್ ರೂಮಿಗೆ ಹೋಗಬೇಕು, ಕಟಪಾಡಿಲಿ ಕೂತು ನೀವೆಲ್ಲಿಗೆ ಓಡ್ತೀರಿ? 1990ರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಮ್ಮ ದೊಡ್ಡಪ್ಪ ಅಲ್ಲಿದ್ರು. ದೊಡ್ಡಮ್ಮ ದಿನಕ್ಕೆ ಎರಡು ಸಲ ರೇಡಿಯೋ ವಾರ್ತೆ ಕೇಳೋರು, ಕೇಳಿ ಒಂದಷ್ಟು ಅಳೋರು, ಆಮೇಲೆ ಎದ್ದು ಮೀನು ಹೆಚ್ಚೋಕೆ ಹೋಗೋರು. ದೊಡ್ಡಪ್ಪ ಅಮ್ಮಾನ್‌ವರೆಗೆ ರಸ್ತೆಲಿ ಬಂದು ಏರ್ ಇಂಡಿಯಾ ವಿಮಾನ ಹತ್ತೋವರೆಗೂ ಅಷ್ಟೇ. ಈಗಿನ ಚಾನೆಲ್‌ಗಳ ಹಾಗೆ ರಾತ್ರಿಯಿಡೀ ಡಂ ಡಂ ಮ್ಯೂಸಿಕ್ ಹಾಕಿ ಅದೇ ಒಂದು ಮಿಸೈಲನ್ನ ನಲವತ್ತು ಸಲ ಬೀಳಿಸಿದ್ರೆ ದೊಡ್ಡಮ್ಮನ ಕೈಲೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ.

ವಾಟ್ಸಾಪಲ್ಲಿ ಅಂತ್ಯಕಾಲ ಬಂತು ಅಂತ ಫಾರ್ವರ್ಡ್ ಬರ್ತಿದೆ ಅಂದ್ರಿ. ಅವರೆಲ್ಲ ಬೈಬಲಿನ ಮತ್ತಾಯ 24ನೇ ಅಧ್ಯಾಯ ಹಿಡ್ಕೊಂಡೇ ಹೆದರಿಸೋದು, ಆದ್ರೆ ಅದೇ ಅಧ್ಯಾಯದಲ್ಲಿ ಯುದ್ಧದ ಸುದ್ದಿ ಕೇಳಿದಾಗ ಕಳವಳಪಡಬೇಡಿ, ಇದಿನ್ನೂ ಅಂತ್ಯ ಅಲ್ಲ ಅಂತ ಯೇಸುಸ್ವಾಮಿ ಹೇಳಿದ್ದನ್ನ ಯಾಕೋ ಯಾರೂ ಫಾರ್ವರ್ಡ್ ಮಾಡಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಬೈಬಲಲ್ಲಿ ಪ್ರವಾದಿ ಯೆರೆಮೀಯನ 32ನೇ ಅಧ್ಯಾಯ ತೆಗೀರಿ. ಬಾಬೆಲಿನ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯ ಅರಮನೆ ಕಾವಲಿನ ಅಂಗಳದಲ್ಲಿ ಬಂದಿಯಾಗಿದಾನೆ, ಆಗ ಚಿಕ್ಕಪ್ಪನ ಮಗ ಬಂದು ಅನಾತೋತಿನಲ್ಲಿರೋ ನನ್ನ ಹೊಲ ನೀನು ತಗೋ ಅಂತಾನೆ. ನಾಳೆ ಶತ್ರು ಪಾಲಾಗೋ ಜಾಗಕ್ಕೆ ಗಿರಾಕಿ ಹುಡುಕಿದ ಅವನ ಧೈರ್ಯ ನೋಡಿ! ಯೆರೆಮೀಯ 17 ಶೆಕೆಲ್ ಬೆಳ್ಳಿನ ತಕ್ಕಡಿಲಿ ತೂಗಿ ಕೊಟ್ಟ, ಸಾಕ್ಷಿ ಹಾಕಿಸಿದ, ಕ್ರಯಪತ್ರಕ್ಕೆ ಮುದ್ರೆ ಒತ್ತಿ ಬಹಳ ದಿನ ಬಾಳಿಕೆ ಬರಲಿ ಅಂತ ಮಣ್ಣಿನ ಮಡಕೆಲಿ ಇಡಿಸಿದ. ದೇವರು ಹೇಳಿದ್ದಕ್ಕೇ ಇಷ್ಟೆಲ್ಲಾ ಮಾಡಿದ್ದು. ಆದ್ರೂ ಎಲ್ಲಾ ಮುಗಿದ ಮೇಲೆ ದೇವರ ಮುಂದೆ ಕೂತು, ಪಟ್ಟಣ ಶತ್ರು ಕೈಗೆ ಹೋಗ್ತಿದೆ, ನೀನು ನೋಡಿದ್ರೆ ಹೊಲ ತಗೋ ಅಂತೀಯಲ್ಲ ಅಂತಾನೆ! ಪ್ರವಾದಿಗೇ ಹಾಗಾದ್ರೆ ನಿಮ್ಮದೇನು ದೊಡ್ಡ ಪಾಪ? ಅವನು ಹೆದರಿಕೆ ಹೋಗ್ಲಿ ಆಮೇಲೆ ತೂಗೋಣ ಅಂತ ಕಾಯಲಿಲ್ಲ ಅಷ್ಟೇ.

ಇನ್ನೊಂದು. ತೆಲ್ ಅವೀವಿಂದ ಗಾಜಾ ನಗರ 70 ಕಿಲೋಮೀಟರ್ ಆಸುಪಾಸು, ಮಂಗಳೂರಿಂದ ಕುಂದಾಪುರದಷ್ಟೂ ದೂರ ಇಲ್ಲ. ಅಲ್ಲಿ ಪವಿತ್ರ ಕುಟುಂಬದ ಹೆಸರಿನ ಒಂದೇ ಒಂದು ಕಥೋಲಿಕ ಚರ್ಚ್. ಪೋಪ್ ಫ್ರಾನ್ಸಿಸ್ 2023ರ ಅಕ್ಟೋಬರ್ 9ರಿಂದ ಹೆಚ್ಚುಕಮ್ಮಿ ದಿನಾ ಸಂಜೆ ಅಲ್ಲಿಗೆ ಫೋನ್ ಮಾಡೋರು. ದೊಡ್ಡ ಪ್ರವಚನ ಏನಿಲ್ಲ, ಹೇಗಿದೀರಿ, ಏನು ತಿಂದ್ರಿ ಅಂತ. 2025ರ ಜನವರಿಲಿ ಒಂದು ದಿನ ಅಲ್ಲಿಯವರು ಇವತ್ತು ಬೇಳೆ ಜೊತೆ ಕೋಳಿ ತಿಂದ್ವಿ ಅಂದ್ರಂತೆ, ಅದನ್ನ ಪೋಪ್ ವ್ಯಾಟಿಕನ್‌ನಲ್ಲಿ ಜನರ ಮುಂದೆ ಖುಷಿಯಿಂದ ಹೇಳಿದ್ರು. ಕೊನೇ ಸಲ ಮಾಡಿದ್ದು ಏಪ್ರಿಲ್ 19ಕ್ಕೆ, 21ಕ್ಕೆ ತೀರಿಕೊಂಡ್ರು. ಆಮೇಲೆ ಜುಲೈ 17ಕ್ಕೆ ಆ ಚರ್ಚಿಗೇ ಇಸ್ರೇಲಿನ ಶೆಲ್ ಬಿತ್ತು, ಮೂರು ಜನ ಸತ್ರು, ಅಲ್ಲಿನ ಪಾದ್ರಿ ಫಾದರ್ ರೊಮನೆಲ್ಲಿಯವರ ಕಾಲಿಗೆ ಗಾಯ. ಪ್ರಾರ್ಥನೆ ಮಾಡಿದ್ರೆ ಬಾಂಬ್ ಬೀಳಲ್ಲ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ ಅಕ್ಕಾ. ಫಾದರ್ ಮಾತ್ರ ಕಾಲಿಗೆ ಬ್ಯಾಂಡೇಜ್ ಸುತ್ಕೊಂಡು ತಿರುಗಿ ಅಲ್ಲಿಗೇ ಬಂದ್ರು.

ನೀವೂ ಮಗಳಿಗೆ ದಿನಾ ಒಂದೇ ಟೈಮಿಗೆ ಫೋನ್ ಮಾಡಿ, ಯುದ್ಧದ ವಿಷ್ಯ ಎತ್ತಬೇಡಿ, ಏನು ಅಡುಗೆ ಅಂತ ಕೇಳಿ. ತೇರ್ಸಲ್ಲಿ ಹತ್ತು ಮಣಿಯ ಒಂದು ದಶಕ ಆ ಗಾಜಾದ ಚರ್ಚಿನವರಿಗೂ ಇರಲಿ, ಮಣಿ ತಪ್ಪಿದ್ರೆ ತಪ್ಪಲಿ, ಮರಿಯಮಾತೆ ಲೆಕ್ಕ ಇಟ್ಕೊಂಡು ಕೂತಿರಲ್ಲ.

ಹಾಂ, ಆ ದುಡ್ಡು. ಮಾಡಿನ ಪಕ್ಕಾಸಿಗೆ ಗೆದ್ದಲು ಹಿಡಿದಿದೆ, ಅವಳ ಕೋಣೆ ಮೇಲೇ ಸೋರ್ತದೆ ಅಂತ ಬರೆದಿದೀರಿ. ಈ ವಾರವೇ ಆಚಾರಿಗೆ ಹೇಳಿಡಿ, ಮಳೆ ಶುರುವಾದ್ರೆ ಹಂಚಿನ ಕೆಲಸದವರು ಕೈಗೆ ಸಿಗಲ್ಲ.

– ಸಂ.